ಉಡಕಿ ನಕ್ಷತ್ರ

ಏಪ್ರಿಲ್ ೧೨, ೧೯೯೫. ಜೇವರ್ಗಿ

ರಜೆ ಬಿಟ್ಟ ಮೇಲೆ ಇವತ್ತೇ ಪೆನ್ನು ಹಿಡಿದದ್ದು. ಮಧ್ಯಾಹ್ನದವರೆಗೆ ಈ ಊರಿನಲ್ಲಿ ನನ್ನಷ್ಟು ಸುಖಿ ಇನ್ನೊಬ್ಬನಿರಲಿಲ್ಲ. ಗುಲ್ಬರ್ಗಾ ರೇಡಿಯೊದಿಂದ ಕರೆ ಬಂದಿದೆ. ವಿಜ್ಞಾನದ ಮೇಲೆ ಒಂದು ಭಾಷಣ, ವಿಷಯ ನನ್ನ ಇಷ್ಟ. ಜೇವರ್ಗಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಹೇಳುವವನನ್ನು ಯಾರಾದರೂ ಕೇಳುತ್ತಾರೆಂದು ನಾನು ಅಂದುಕೊಂಡೇ ಇರಲಿಲ್ಲ. ನಕ್ಷತ್ರಗಳ ದಟ್ಟ ಗುಚ್ಛಗಳು, ಅವುಗಳೊಳಗೆ ಸಿಕ್ಕಿರುವ ಪಲ್ಸಾರುಗಳು, ಇದೇ ವಿಷಯ ಎಂದು ನಿಂತ ಕಾಲಲ್ಲೇ ಒಪ್ಪಿಕೊಂಡೆ. ಎಂ.ಎಸ್ಸಿ. ಮಾಡುವಾಗಿನಿಂದ ಅದೇ ನನ್ನ ಹುಚ್ಚು.

ಸಂಜೆ ಅವ್ವ ಎಲ್ಲ ಕೆಡಿಸಿದಳು.

“ತಮ್ಮಾ, ಇಜೇರಿ ಊರಾಗಿನ ಹಿಟ್ಟಿನ ಗಿರಣಿ ರೇವಣಪ್ಪ ಮಂದಿ ಕಳಿಸಿದ್ದ. ನಮ್ಮ ಮಲ್ಕಮ್ಮನ್ನ ಉಡಕಿ ಮಾಡ್ಕೋತೇನಿ ಅಂತಾನ.”

ಉಡಕಿ! ಗಂಡ ಸತ್ತವಳು ಇನ್ನೊಬ್ಬನ ಕೈ ಹಿಡಿದರೆ ನಮ್ಮಲ್ಲಿ ಅದಕ್ಕೆ ಮದುವೆ ಎಂಬ ಹೆಸರು ಕೂಡ ಇಲ್ಲ. ಹಂದರವಿಲ್ಲ, ಬಾಜಾ ಇಲ್ಲ. ಅಮಾವಾಸ್ಯೆಯ ಕತ್ತಲಲ್ಲಿ ದೀಪ ಆರಿಸಿ ಒಳಗಿನ ಕೋಣೆಯಲ್ಲಿ ತಾಳಿ ಕಟ್ಟುತ್ತಾರೆ. ಮುತ್ತೈದೆಯರು ಆ ಕಡೆ ಸುಳಿಯುವುದಿಲ್ಲ, ತವರಿನ ಗಂಡಸರು ಒಳಗೆ ಕಾಲಿಡುವುದಿಲ್ಲ. ಏನೋ ಕದಿಯಲು ಹೋದವರ ಹಾಗೆ.

ಅಕ್ಕ ಮಲ್ಕಮ್ಮನನ್ನು ಅಫಜಲಪುರಕ್ಕೆ ಕೊಟ್ಟಿದ್ದೆವು. ಮೂರನೇ ವರ್ಷ ಗಂಡ ಹಾವು ಕಚ್ಚಿ ಹೋದ. ಆಗಿನಿಂದ ಇಲ್ಲೇ ಇದ್ದಾಳೆ, ಹಳೆ ಬಟ್ಟೆಗಳಿಂದ ಹೊದೆಯುವ ಕೌದಿ ಹೊಲಿಯುತ್ತಾಳೆ. ಹೋದ ಚಳಿಗಾಲದಲ್ಲಿ ಈ ಗಿರಣಿಯವನು ತೀರಿಕೊಂಡ ಹೆಂಡತಿಯ ಸೀರೆಗಳನ್ನು ಗಂಟು ಕಟ್ಟಿ ತಂದು, ಇದರಲ್ಲೊಂದು ಕೌದಿ ಮಾಡಿಕೊಡಿ ಎಂದಿದ್ದ. ಕೌದಿ ಒಯ್ಯಲು ಬಂದವನು ಅದನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ನಮ್ಮ ಕಟ್ಟೆಯ ಮೇಲೆ ಕೂತಿದ್ದ. ನಾನು ಆಗಲೇ ಅನುಮಾನ ಪಡಬೇಕಿತ್ತು.

ಈಗಲೇ ಬರಬೇಕೇ ಇದು? ಆಳಂದದ ಬಟ್ಟೆ ಅಂಗಡಿ ಶಾಂತಲಿಂಗಪ್ಪನವರ ಮಗಳನ್ನು ನನಗೆ ಕೇಳಿದ್ದೇವೆ. ಅವರು ಮನೆತನ ನೋಡುವವರು. ಉಡಕಿ ಆದ ಮನೆ ಎಂದು ತಿಳಿದರೆ ಆಳಂದದ ಬಸ್ಸಿನ ಧೂಳು ಕೂಡ ಈ ಕಡೆ ಬರುವುದಿಲ್ಲ.

“ಮೊದಲ ನಂದೊಂದು ಆಗಿ ಹೋಗಲಿ, ಆಮ್ಯಾಲ ನೋಡಮು,” ಅಂದೆ.

ಒಳಗೆ ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ಸಪ್ಪಳ ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಯಿತು.

ಏಪ್ರಿಲ್ ೧೬

ಭಾಷಣ ಬರೆಯುತ್ತಿದ್ದೇನೆ. ಗೊತ್ತಿರುವುದನ್ನು ಹೇಳುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ.

ನಮ್ಮ ಆಕಾಶಗಂಗೆ ಇನ್ನೂ ರೂಪುಗೊಳ್ಳುತ್ತಿದ್ದ ಕಾಲದಲ್ಲಿ, ಸಾವಿರ ಕೋಟಿ ವರ್ಷಕ್ಕೂ ಹಿಂದೆ, ಅನಿಲದ ದೊಡ್ಡ ದೊಡ್ಡ ಮೋಡಗಳು ಕುಸಿದು ಒಂದೊಂದರಲ್ಲೂ ಲಕ್ಷಾಂತರ ನಕ್ಷತ್ರಗಳು ಒಟ್ಟಿಗೇ ಹುಟ್ಟಿದವು. ಒಂದೇ ಬಸಿರಿನವು. ಇವತ್ತಿಗೂ ಒಂದನ್ನೊಂದು ಬಿಟ್ಟು ಹೋಗದೆ ಗೋಳಾಕಾರವಾಗಿ ಒತ್ತಿಕೊಂಡಿವೆ. ಅವುಗಳಲ್ಲಿ ದಪ್ಪನೆಯವು ಬೇಗ ಉರಿದು ಸತ್ತವು. ಸತ್ತ ನಕ್ಷತ್ರ ಕುಸಿದು ಒಂದು ತಾಲೂಕಿನಷ್ಟೂ ಅಗಲವಿಲ್ಲದ ಗಟ್ಟಿ ಉಂಡೆಯಾಗುತ್ತದೆ, ತಿರುಗುತ್ತ ರೇಡಿಯೊ ಅಲೆ ಬೀರುತ್ತದೆ. ಅದೇ ಪಲ್ಸಾರ್. ಬರುಬರುತ್ತ ತಿರುಗುವುದು ನಿಧಾನವಾಗಿ ಸುಮ್ಮನಾಗಿಬಿಡುತ್ತದೆ. ಬಯಲಲ್ಲಿದ್ದರೆ ಕಥೆ ಅಲ್ಲಿಗೆ ಮುಗಿಯಿತು. ಗುಚ್ಛದ ಇಕ್ಕಟ್ಟಿನಲ್ಲಿ ಹಾಗಲ್ಲ. ಯಾವುದೋ ನೆರೆಯ ನಕ್ಷತ್ರ ಹತ್ತಿರ ಬಂದು ಜೊತೆಯಾಗುತ್ತದೆ, ಅದರ ಮೈಯ ಅನಿಲ ಇದರ ಮೇಲೆ ಸುರಿಯುತ್ತದೆ, ಸತ್ತದ್ದು ಮತ್ತೆ ತಿರುಗತೊಡಗುತ್ತದೆ. ಮೊದಲಿಗಿಂತ ಜೋರಾಗಿ, ಸೆಕೆಂಡಿಗೆ ನೂರಾರು ಸುತ್ತು.

ಒಂದು ಮಾತು ಮಾತ್ರ ಯಾರಿಗೂ ಬಗೆಹರಿದಿಲ್ಲ. ಪಲ್ಸಾರ್ ಹುಟ್ಟುವಾಗ ಒದೆ ತಿಂದೇ ಹುಟ್ಟುತ್ತದಂತೆ. ಆ ಒದೆತಕ್ಕೆ ಗುಚ್ಛದಿಂದ ಹೊರಗೆ ಹಾರಿಹೋಗಬೇಕಿತ್ತು. ಅಷ್ಟು ಒದೆ ತಿಂದೂ ಇಷ್ಟೊಂದು ಅಲ್ಲೇ ಹೇಗೆ ಉಳಿದವು? ಇದನ್ನು ಭಾಷಣದಲ್ಲಿ ಬಿಟ್ಟಿದ್ದೇನೆ, ಕೇಳುವವರಿಗೆ ಬೇಸರವಾದೀತು.

ಅಕ್ಕ ಚಹಾ ತಂದಿಟ್ಟು “ಚುಕ್ಕಿ ಬಗ್ಗೆ ಬರಿಯಾಕತ್ತಿ ಏನು?” ಎಂದಳು. ನಿನಗೆ ತಿಳಿಯುವುದಿಲ್ಲ ಎಂದೆ. “ತಿಳಿಯೂ ಹಂಗ ಬರಿ ಮತ್ತ, ರೇಡಿಯೊ ಕೇಳೋರು ನನ್ನಂಥೋರೇ,” ಎಂದು ಹೋದಳು. ಇಜೇರಿಯ ಸುದ್ದಿ ಅವಳು ಎತ್ತುವುದಿಲ್ಲ. ನಾನೂ ಎತ್ತುವುದಿಲ್ಲ.

ಮತ್ತೆ ತಿರುಗುವ ನಕ್ಷತ್ರಕ್ಕೆ ನಿಂತ ಬುಗುರಿಗೆ ಮತ್ತೆ ಚಾಟಿ ಸುತ್ತಿ ಬಿಟ್ಟ ಹೋಲಿಕೆ ಕೊಟ್ಟಿದ್ದೇನೆ. ಸಪ್ಪೆಯಾಗಿದೆ.

ಏಪ್ರಿಲ್ ೨೨

ರೆಕಾರ್ಡಿಂಗ್ ಮುಗಿಯಿತು. ಬಹಳ ಚೆನ್ನಾಗಿ ಆಯಿತು.

ಬುಗುರಿಯ ಸಾಲು ಬಂದಾಗ ಏನಾಯಿತೋ, ಹತ್ತು ದಿನದಿಂದ ತಲೆಯಲ್ಲಿ ಕೊರೆಯುತ್ತಿದ್ದ ಮಾತು ಬಾಯಿಗೆ ಬಂದುಬಿಟ್ಟಿತು. ಹೀಗೆ ಹೇಳಿದೆ: “ಇಂಥ ನಕ್ಷತ್ರಕ್ಕೆ ನಮ್ಮ ಕಡೆಯ ಮಾತಿನಲ್ಲಿ ಉಡಕಿ ನಕ್ಷತ್ರ ಎನ್ನಬಹುದು. ಮುಗಿದ ಬಾಳು, ಯಾರೋ ಒಬ್ಬ ಸಿಕ್ಕ. ಅವನದನ್ನು ತಿಂದುಕೊಂಡು ಮುಪ್ಪಿನಲ್ಲಿ ಹುಡುಗಿಯ ಹಾಗೆ ಗಿರಗಿರ ತಿರುಗುತ್ತದೆ!”

ಗಾಜಿನ ಆಚೆ ರೆಕಾರ್ಡ್ ಮಾಡುತ್ತ ಕೂತಿದ್ದ ರೇಡಿಯೊದ ಖಂಡಪ್ಪನವರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಮುಗಿದ ಮೇಲೆ ಕೇಳಿದರು. “ಬರದಿದ್ರಾಗ ಬುಗುರಿ ಅಂತಿತ್ತಲ್ರಿ ಸರ್. ಮತ್ತ ಹೇಳ್ತೀರೇನು, ಇಲ್ಲಾ ಇದೇ ಇರಲೇನು?”

“ಇದೇ ಇರಲಿ ಬಿಡ್ರಿ,” ಎಂದೆ. ಇದನ್ನು ನಾನೇ ಹೇಳಿದ್ದು, ಯಾರೂ ಹೇಳಿಸಲಿಲ್ಲ.

ಬಸ್ಸು ಕಟ್ಟಿಸಂಗಾವಿಯ ಸೇತುವೆ ದಾಟುವವರೆಗೂ ನನ್ನ ಜಾಣತನಕ್ಕೆ ನಾನೇ ಮೀಸೆ ತಿರುವುತ್ತಿದ್ದೆ. ಕೆಳಗೆ ಭೀಮೆಯಲ್ಲಿ ನೀರಿಗಿಂತ ಮರಳೇ ಹೆಚ್ಚಾಗಿ ಕಾಣುತ್ತಿತ್ತು. ಮನೆಗೆ ಬಂದಾಗ ಅಕ್ಕ ಬಾಗಿಲಲ್ಲೇ ನಿಂತಿದ್ದಳು. “ಛಲೋ ಆತೇನು ತಮ್ಮಾ? ರೇಡಿಯೊದಾಗ ಯಾವಾಗ ಹಚ್ಚತಾರ?”

ಮೇ ಹತ್ತಕ್ಕೆ ಎಂದು ಹೇಳುವಾಗ ನಾಲಿಗೆ ತಡವರಿಸಿತು.

ಏಪ್ರಿಲ್ ೨೩

ಬುಗುರಿ ಅಂತಲೇ ಓದಬೇಕಿತ್ತು.

ಮೇ ೨

ಬಸವ ಜಯಂತಿ. ಹೆಣ್ಣು ಗಂಡು ಭೇದವಿಲ್ಲ ಎಂದು ವೇದಿಕೆಯ ಮೇಲೆ ಭಾಷಣ ಮಾಡಿ ಬಂದೆ. ಚಪ್ಪಾಳೆ ಬಿತ್ತು. ಊಟಕ್ಕೆ ಕೂತಾಗ ಅಕ್ಕ ಬಡಿಸುತ್ತಿದ್ದಳು, ನಾನು ತಾಟನ್ನೇ ನೋಡಿಕೊಂಡು ಉಂಡೆ.

ಮೇ ೬

ಎಸ್‌ಟಿಡಿ ಬೂತಿನಿಂದ ಖಂಡಪ್ಪನವರಿಗೆ ಫೋನ್ ಹಚ್ಚಿದೆ. ಆ ಒಂದು ಮಾತು ತೆಗೆದುಬಿಡಿ ಎಂದು ಕೇಳಲು ಹೋದದ್ದು. ಅವರು “ಯಾಕ್ರಿ ಸರ್, ಏನಾತು?” ಎಂದರು.

ಯಾಕೆ ಎಂದು ಹೇಳಬೇಕಾದರೆ ಅಕ್ಕನ ವಿಷಯ ಹೇಳಬೇಕು. ಬೂತಿನ ಹೊರಗೆ ಮೂವರು ಪಾಳಿ ಹಚ್ಚಿ ನಿಂತಿದ್ದರು. “ಏನಿಲ್ರಿ, ಧ್ವನಿ ಬರೋಬ್ಬರಿ ಬಂದದೋ ಇಲ್ಲೋ ಅಂತ ಕೇಳಾಕ ಮಾಡಿದೆ,” ಎಂದು ಇಟ್ಟೆ.

ಒಂದು ಸಾಲು ತೆಗೆಸುವ ಧೈರ್ಯವಿಲ್ಲದವನು ಸಾವಿರ ಕೋಟಿ ವರ್ಷದ ಮಾತಾಡುತ್ತೇನೆ. ಥೂ.

ಮೇ ೧೦

ಬೆಳಿಗ್ಗೆ ನಮ್ಮ ರೇಡಿಯೊದ ಸೆಲ್ ತೆಗೆದು ಪುಸ್ತಕಗಳ ಹಿಂದೆ ಬಚ್ಚಿಟ್ಟೆ. ಅವ್ವ ಗುಂಡಿ ತಿರುವಿ ತಿರುವಿ ಸಾಕಾಗಿ “ಕೆಟ್ಟದ ಇದು” ಎಂದಳು. ನಾನು ಹೌದೆಂದೆ.

ಸಂಜೆ ಪಕ್ಕದ ಮನೆಯ ವಜೀರುನ್ನಿಸಾ ಗೋಡೆಯ ಮೇಲಿಂದ ಇಣುಕಿ ಕೂಗಿದಳು. “ಮಲ್ಕಕ್ಕಾ, ಬರ್ರಿ ಬರ್ರಿ ಜಲ್ದಿ! ನಿಮ್ಮ ತಮ್ಮಂದು ಆವಾಜ್ ಬರಾಕತ್ತದ!”

ಅವ್ವ, ಅಕ್ಕ ಇಬ್ಬರೂ ಓಡಿದರು. ನಾನು ಕೋಣೆಯಲ್ಲಿ ಕೂತೆ. ಗೋಡೆಯಾಚೆಯಿಂದ ನನ್ನದೇ ದನಿ ಬರುತ್ತಿತ್ತು, ಎಷ್ಟು ಜಂಬದ ದನಿ ಅದು! ಓಣಿಯ ಹೆಂಗಸರೆಲ್ಲ ಸೇರಿದ್ದರೆಂದು ಕಾಣುತ್ತದೆ. ನಡುನಡುವೆ “ಶಾಣ್ಯಾ ಇದ್ದಾನ” ಎಂದು ಅಕ್ಕ ಯಾರಿಗೋ ಹೇಳುತ್ತಿದ್ದಳು. ಆಮೇಲೆ ಆ ಮಾತು ಬಂತು. ಎಲ್ಲರೂ ಗೊಳ್ಳೆಂದು ನಕ್ಕರು. ನಕ್ಕದ್ದು ತಟ್ಟನೆ ನಿಂತಿತು, ಅವರಿಗೆ ಅಕ್ಕ ಪಕ್ಕದಲ್ಲಿರುವುದು ನೆನಪಾಗಿರಬೇಕು. ಇಜೇರಿಯ ಸುದ್ದಿ ಓಣಿಗೆಲ್ಲ ಗೊತ್ತು. ಮುಂದೆ ನನ್ನ ದನಿಯೊಂದೇ.

ಅಕ್ಕ ಬಂದಳು. ಒಲೆ ಮುಂದೆ ಕೂತು, ಆ ಕಡೆ ಮುಖ ಮಾಡಿಯೇ ಕೇಳಿದಳು.

“ಉಣ್ತಿ ಏನು?”

ಉಂಡೆ. ಬೇಡವೆಂದರೆ ಯಾಕೆಂದು ಕೇಳುತ್ತಾಳಲ್ಲ.

ಮೇ ೧೧

ಅಕ್ಕ ಹಿತ್ತಲಲ್ಲಿ ಕೌದಿ ಹರವಿಕೊಂಡು ಕೂತಿದ್ದಳು. ಕರೆದಳು.

“ಆ ಚುಕ್ಕಿ ಖರೇ ಅದ ಏನು? ಇಲ್ಲಾ ಮಂದಿನ ನಗಸಾಕ ಹೇಳಿದಿ?”

“ಖರೇ ಅದ.”

“ಸತ್ತದ್ದು ಮತ್ತ ತಿರಗತದ?”

“ತಿರಗತದ.”

“ಬಾಜೂಕಿನ ಚುಕ್ಕಿಗೋಳು ನೋಡಿ ನಗತಾವೇನು?”

ಅವಳು ಸೂಜಿಗೆ ದಾರ ಪೋಣಿಸಿಕೊಂಡಳು. “ಇಜೇರಿಗಿ ಹೋಗಿ ಬ್ಯಾಡಂತ ಹೇಳಿ ಬಾ. ನಿನ್ನ ಲಗ್ನ ಆಗಲಿ. ನನ್ನಿಂದ ನಿನ್ನ ಇಜ್ಜತ್ ಹೋಗೂದು ಬ್ಯಾಡ.” ಸಿಟ್ಟಿನಿಂದ ಹೇಳಿದ್ದರೆ ನಾನೂ ಸಿಟ್ಟು ಮಾಡಬಹುದಿತ್ತು. ಮಾಮೂಲಿ ದನಿಯಲ್ಲೇ ಹೇಳಿದಳು.

ನಾನೊಬ್ಬನೇ ಓದುವ ಪುಸ್ತಕವಿದು, ಆದ್ದರಿಂದ ಬರೆಯುತ್ತೇನೆ. ಅವಳು ಬೇಡವೆಂದಾಗ ನನಗೆ ಮೊದಲು ಹಗುರವೆನಿಸಿತು. ನಾಚಿಕೆ ಬಂದದ್ದು ಆಮೇಲೆ.

ಮೇ ೧೪. ಆಳಂದ

ಶಾಂತಲಿಂಗಪ್ಪನವರ ಮನೆಯಲ್ಲಿ ಹೋಳಿಗೆ ಊಟ. ಹೋದ ಕೂಡಲೇ ಹೊಸ್ತಿಲಲ್ಲೇ ನನ್ನ ಕೈ ಹಿಡಿದುಕೊಂಡರು.

“ಏನ್ ಹೇಳಿದ್ರಿ ಸಾಹೇಬ್ರ ರೇಡಿಯೊದಾಗ! ಉಡಕಿ ನಕ್ಷತ್ರ! ಅಂಗಡ್ಯಾಗ ನಾವೆಲ್ಲಾ ಹೊಟ್ಟಿ ಹಿಡ್ಕೊಂಡು ನಕ್ಕೇವಿ. ಮುಪ್ಪಿನಾಗ ಗಿರಗಿರ! ಬರೋಬ್ಬರಿ ಹೇಳಿದ್ರಿ. ಈಗಿನ ಮಂದಿಗಿ ಅಂಜಿಕಿ ನಾಚಿಕಿ ಏನೂ ಉಳದಿಲ್ಲ.”

ಎಲ್ಲರೂ ನಕ್ಕರು. ನಾನೂ ನಕ್ಕೆ.

ನಾನೂ ನಕ್ಕೆ. ಎರಡು ಹೋಳಿಗೆ ಹೆಚ್ಚಿಗೆ ಹಾಕಿದರು, ತಿಂದೆ. ಶ್ರಾವಣದಲ್ಲಿ ಮುಹೂರ್ತ ನೋಡೋಣ ಎಂದರು, ಹೂಂ ಅಂದೆ. ಮಗಳು ಸುಮಿತ್ರಾಬಾಯಿ ನೀರಿನ ತಂಬಿಗೆ ಇಡುವಾಗ ಒಮ್ಮೆ ನನ್ನನ್ನು ನೋಡಿದಳು. ಆಕೆಯೊಬ್ಬಳೇ ನಕ್ಕಿರಲಿಲ್ಲ ಅನಿಸುತ್ತದೆ. ಖಾತ್ರಿಯಿಲ್ಲ.



ಮೇ ೧೭

ಬರೆಯುವುದೇನೂ ಇಲ್ಲ. ಇಜೇರಿಗೆ ಇನ್ನೂ ಹೋಗಿಲ್ಲ. ಅವ್ವ ನನ್ನ ಜೊತೆ ಮಾತು ಬಿಟ್ಟಿದ್ದಾಳೆ.

ಮೇ ೨೦

ಇಜೇರಿಗೆ ಹೋಗಿ ಬಂದೆ. ಬೇಡವೆಂದು ಹೇಳಲಿಕ್ಕೆ ಹೋಗಿದ್ದು.

ಗಿರಣಿ ಬಸ್ ನಿಲ್ದಾಣದ ಹತ್ತಿರವೇ ಇದೆ. ಜೋಳದ ಪುಟ್ಟಿಗಳು ಸಾಲಾಗಿದ್ದವು. ರೇವಣಪ್ಪನ ಹುಬ್ಬು, ಮೀಸೆ, ಕಿವಿಯ ಕೂದಲೆಲ್ಲ ಹಿಟ್ಟು. ನನ್ನನ್ನು ಕಂಡು ಚಕ್ರದ ಪಟ್ಟಾ ಕಳಚಿ ಗಿರಣಿ ನಿಲ್ಲಿಸಿದ. ಪಾಳಿಯಲ್ಲಿ ಕೂತಿದ್ದ ಒಬ್ಬ ಮುದುಕ “ರೇವಣಪ್ಪಾ, ಉಡಕಿ ಚುಕ್ಕಿ ಮಾಸ್ತರ್ ಬಂದಾನ ನೋಡು!” ಎಂದು ಕೂಗಿದ. ಊರಿಗೆ ಊರೇ ರೇವಣಪ್ಪನನ್ನು ಉಡಕಿ ಚುಕ್ಕಿ ಎಂದು ಕಾಡಿಸುತ್ತಿದೆಯೆಂದು ಆಗ ತಿಳಿಯಿತು. ಭೂಮಿ ಬಾಯಿ ಬಿಡಬಾರದೇ ಅನಿಸಿತು.

ರೇವಣಪ್ಪ ನನ್ನನ್ನು ಹೊರಗೆ ಬೇವಿನ ನೆರಳಿಗೆ ಕರೆದುಕೊಂಡು ಹೋಗಿ ಚೀಲ ಹಾಸಿ ಕೂಡಿಸಿದ.

“ತಪ್ಪು ತಿಳ್ಕೋಬ್ಯಾಡ್ರಿ ಸರ. ನೀವು ಓದಿದವ್ರು. ಆದ್ರ ಒಂದು ಮಾತು ಉಲ್ಟಾ ಹೇಳಿದ್ರಿ.”

“ಯಾವುದು?”

“ಆಕಿ ನಂದು ತಿಂದು ತಿರಗತಾಳ ಅಂದಂಗಾತು. ಹಂಗಲ್ಲ. ನಮ್ಮಾಕಿ ಹೋದ ಮ್ಯಾಲ ನಾ ಗಿರಣಿ ಬಂದ್ ಮಾಡಿ ಕುಂತಿದ್ದೆ. ಊರ ಮಂದಿ ಬೀಸ್ಕೊಂಡು ಬರಾಕ ಜೇವರ್ಗಿಗಿ ಹೋಗತಿದ್ರು. ಆ ಕೌದಿ ತಂದು ಹೊಚ್ಕೊಂಡ ಮರುದಿನ ಎದ್ದು ಪಟ್ಟಾ ಏರಿಸೇನಿ.” ಗಿರಣಿಯ ಕಡೆ ಕೈ ಮಾಡಿದ. “ಸತ್ತು ಬಿದ್ದಿದ್ದು ನಾ ಸರ. ಈಗ ತಿರಗಾಕತ್ತಾಂವ ನಾ.”

ಮಾತು ಮುಗಿಸಿ ಹೆಗಲ ಮೇಲಿನ ವಲ್ಲಿಯಿಂದ ಮುಖ ಒರೆಸಿಕೊಂಡ. ಹಿಟ್ಟು ಹೋಗಿ ಮುಖ ಕಂಡಿತು. ಸಾದಾ ಮುಖ. ನನಗಿಂತ ಹತ್ತು ವರ್ಷ ದೊಡ್ಡವರು. ಅವರ ಕೈಯಿಂದ ಚಹಾ ಕುಡಿದು, ಎದ್ದು ನಿಂತು ಅಂದೆ: “ಅಮಾಸಿಗಿ ಅಕ್ಕನ್ನ ನಾನೇ ಕರ್ಕೊಂಡು ಬರ್ತೇನ್ರಿ.”

ಬಸ್ಸಿನಲ್ಲಿ ಕೂತ ಮೇಲೆ ನೆನಪಾಯಿತು. ಆಳಂದಕ್ಕೆ ಏನು ಹೇಳುವುದು?

ಮೇ ೨೧

ಅಕ್ಕ ಬೈದಳು. “ನನ್ನ ಕೇಳಲಾರದ ಮಾತು ಕೊಟ್ಟು ಬಂದಿ? ಆವಾಗೂ ನಿಂದೇ ಮಾತು, ಈಗೂ ನಿಂದೇ ಮಾತು!” ಬೈಸಿಕೊಳ್ಳುವುದು ಹಿತವಾಗಿತ್ತು.

ಆಮೇಲೆ ಕೇಳಿದಳು. “ಆಳಂದದವ್ರು?”

“ನಾನೇ ಹೋಗಿ ಹೇಳ್ತೇನಿ.”

“ಮೊದಲ ಹೇಳಿ ಬಾ. ಆಮ್ಯಾಲ ನಂದು ಹೇಳ್ತೇನಿ.”

ಮೇ ೨೫

ಶಾಂತಲಿಂಗಪ್ಪನವರ ಅಂಗಡಿಯಲ್ಲಿ ಗಿರಾಕಿಗಳಿದ್ದರು. ಅವರು ಹೋಗುವವರೆಗೆ ಕಾಯಬಹುದಿತ್ತು. ಕಾದರೆ ಹೇಳುವುದಿಲ್ಲವೆಂದು ನನಗೆ ಗೊತ್ತಿತ್ತು.

“ಬರೂ ಬಾದಾಮಿ ಅಮಾಸಿಗಿ ನಮ್ಮ ಅಕ್ಕನ ಉಡಕಿ ಅದ್ರಿ.”

ಅವರು ನಗಲು ಹೋಗಿ ನನ್ನ ಮುಖ ನೋಡಿ ನಿಲ್ಲಿಸಿದರು. “ಮತ್ತ ರೇಡಿಯೊದಾಗ ನೀವೇ…”

“ಹೌದ್ರಿ. ನಮ್ಮ ಅಕ್ಕನ್ನೇ ಅಂದೇನಿ. ಅನ್ನಬಾರದಿತ್ತು.”

ಬಿಚ್ಚಿದ್ದ ಬಟ್ಟೆಯ ಸುರುಳಿಯನ್ನು ಸುತ್ತತೊಡಗಿದರು. “ಮನ್ಯಾಗ ಕೇಳಿ ಹೇಳಿ ಕಳಸ್ತೇವ್ರಿ.” ಈ ಮಾತಿನ ಅರ್ಥ ಎಲ್ಲರಿಗೂ ಗೊತ್ತು. ಆದರೂ ಹಿಂದಿನಿಂದ ಕರೆದಾರೇನೋ ಎಂದು ಅಂಗಡಿಯ ಮೆಟ್ಟಿಲಲ್ಲಿ ಚಪ್ಪಲಿ ಹಾಕಿಕೊಳ್ಳುವ ನೆಪದಲ್ಲಿ ತಡ ಮಾಡಿದೆ. ಎಂಥ ಮನುಷ್ಯ ನಾನು.

ಮನೆಗೆ ಬಂದು ಅಕ್ಕನಿಗೆ ಹೇಳಿದೆ. “ಆತು, ಹೋಗತೇನಿ,” ಎಂದಳು.

ಮೇ ೩೦

ನಿನ್ನೆಯದನ್ನು ಬೆಳಿಗ್ಗೆ ಕೂತು ಬರೆಯುತ್ತಿದ್ದೇನೆ.

ಕತ್ತಲಾಗುವ ಹೊತ್ತಿಗೆ ಅಕ್ಕನೂ ನಾನೂ ಇಜೇರಿ ಮುಟ್ಟಿದೆವು. ಸಾಬವ್ವ ಎಂಬ ಮುದುಕಿ, ಆಕೆಯೂ ಗಂಡ ಸತ್ತವಳೇ, ಹಿತ್ತಿಲ ಬಾಗಿಲಿನಿಂದ ಅಕ್ಕನನ್ನು ಒಳಗೆ ಕರೆದುಕೊಂಡಳು. ನನಗೆ “ನೀ ಅಂಗಳದಾಗ ನಿಂದರು ಯಪ್ಪಾ, ತವರ ಗಂಡಸು ಒಳಗ ಬರಬಾರದು,” ಎಂದಳು. ಒಳಗಿನ ದೀಪ ಆರಿತು.

ಅಂಗಳದಲ್ಲಿ ನಿಂತೆ. ಚಂದ್ರನಿಲ್ಲದ ಆಕಾಶ. ದಕ್ಷಿಣಕ್ಕೆ, ಬಾನಂಚಿನಿಂದ ಸ್ವಲ್ಪ ಮೇಲೆ, ಬೆರಳಿನಿಂದ ಒರೆಸಿದ ಹಿಟ್ಟಿನ ಗುರುತಿನಂತೆ ಮಸುಕು ಚುಕ್ಕೆ ಕಂಡಿತು. ಒಮೆಗಾ ಸೆಂಟಾರಿ. ಬರಿಗಣ್ಣಿಗೆ ಕಾಣುವ ಗುಚ್ಛಗಳಲ್ಲಿ ಎಲ್ಲಕ್ಕಿಂತ ದೊಡ್ಡದು, ಲಕ್ಷ ಲಕ್ಷ ನಕ್ಷತ್ರ. ಅದರಲ್ಲಿ ಇನ್ನೂ ಒಂದೂ ಪಲ್ಸಾರ್ ಸಿಕ್ಕಿಲ್ಲ. ಸಿಕ್ಕಿಲ್ಲವೆಂದರೆ ಇಲ್ಲವೆಂದಲ್ಲ, ಕೇಳಿಸಿಕೊಳ್ಳುವವರಿಗೆ ಇನ್ನೂ ಕೇಳಿಸಿಲ್ಲ ಅಷ್ಟೇ. ಇಂಥ ಕತ್ತಲು ಸಿಗಬೇಕೆಂದು ಎಷ್ಟು ಸಲ ಹಂಬಲಿಸಿದ್ದೇನೆ!

ಆಗ ಒಳಗಿನ ಕತ್ತಲಲ್ಲಿ ಬಳೆ ಸದ್ದಾಯಿತು.

ನಮ್ಮ ಮನೆಯಲ್ಲಿ ಅಕ್ಕ ನಡೆದಾಡಿದರೆ ಸದ್ದೇ ಬರುತ್ತಿರಲಿಲ್ಲ. ಅದು ಬಳೆಯಿಲ್ಲದ ಬರಿಗೈಯಿಂದಾಗಿ ಎಂದು ಇಷ್ಟು ವರ್ಷ ನನಗೆ ಹೊಳೆದೇ ಇರಲಿಲ್ಲ. ಈಗ ಯಾರೋ ಕತ್ತಲಲ್ಲಿ ತಡವರಿಸುತ್ತ ಅವಳಿಗೆ ಬಳೆ ಇಡಿಸುತ್ತಿದ್ದರು. ಒಂದು ಬಳೆ ಒಡೆದ ಸಪ್ಪಳ. “ಕಾಣಸವಲ್ದು ನೋಡವ್ವಾ,” ಎಂದು ಸಾಬವ್ವ ಗೊಣಗಿದಳು.

ನಾನು ಒಳಗೆ ಹೋದೆ.

“ದೀಪ ಹಚ್ಚರಿ,” ಎಂದೆ.

“ಯಪ್ಪಾ, ಹೊರಗ ನಡಿ! ಉಡಕ್ಯಾಗ ದೀಪ ಹಚ್ಚತಾರೇನು?”

“ಹಚ್ಚಲಿ. ನಾ ನೋಡಬೇಕು.” ಕತ್ತಲಲ್ಲಿ ರೇವಣಪ್ಪನವರ ಕಡೆ ಕೈ ಚಾಚಿದೆ. “ಮಾಮಾ, ಕಡ್ಡಿಪೆಟ್ಟಿಗಿ ಕೊಡ್ರಿ.”

ಹಿಟ್ಟಿನ ವಾಸನೆಯ ಒಂದು ಕೈ ನನ್ನ ಅಂಗೈಯಲ್ಲಿ ಕಡ್ಡಿಪೆಟ್ಟಿಗೆ ಇಟ್ಟಿತು. ಕಂದೀಲು ಹೊತ್ತಿಸಿದೆ. ಎಲ್ಲರಿಗೂ ಕಣ್ಣು ಕುಕ್ಕಿತು. ಕಿಟಕಿಯಾಚೆಯ ಆಕಾಶದಲ್ಲಿ ಏನೂ ಕಾಣದಾಯಿತು.

ಅಕ್ಕ ತಾನು ಹೊಲಿದ ಆ ಕೌದಿಯ ಮೇಲೆ ಕೂತಿದ್ದಳು. ಒಂದು ಕೈತುಂಬ ಹಸಿರು ಬಳೆ, ಇನ್ನೊಂದು ಕೈ ಬರಿದು. ಸೆರಗು ಸರಿಸಿ ನನ್ನನ್ನು ನೋಡಿದಳು. ನೋಡಬೇಕೆಂದು ಬಂದವನು ನಾನು. ನೋಡಲಾಗದೆ ತಲೆ ತಗ್ಗಿಸಿ ನಿಂತೆ.

“ತಲಿ ಎತ್ತಲೇ,” ಎಂದಳು ಅಕ್ಕ. “ಮ್ಯಾಲ ನೋಡೂದು ನಿನಗ ನಾ ಹೇಳಿಕೊಡಬೇಕೇನು?”